ತಲೆ ಬಂತು, ಭುಜ ಸಿಕ್ಕಿಕೊಂಡಿತು

ಪ್ರಶ್ನೆ: ಅಕ್ಕನ ಹೆರಿಗೆಯಲ್ಲಿ ಮಗುವಿನ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಂಡಿತಂತೆ. ನರ್ಸ್‌ಗಳು ಅವಳ ಎರಡೂ ಕಾಲು ಮಡಚಿ ಹೊಟ್ಟೆಗೆ ಒತ್ತಿ ಹಿಡಿದು, ಕಿಬ್ಬೊಟ್ಟೆಯನ್ನೂ ಒತ್ತಿದರಂತೆ. ತಲೆಯೇ ಬಂದ ಮೇಲೆ ಮಗುವನ್ನು ಎಳೆದುಕೊಳ್ಳಬಾರದಿತ್ತೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಜೋರಾಗಿ ಎಳೆಯಲೇಬಾರದು. ನಿಮ್ಮ ಅಕ್ಕನಿಗೆ ಅವರು ಮಾಡಿದ್ದೇ ಸರಿ.

ತಲೆ ಬಂದರೆ ಉಳಿದದ್ದು ಸಲೀಸು ಎನ್ನುವ ಮಾತು ಹೆಚ್ಚಿನ ಹೆರಿಗೆಗಳಲ್ಲಿ ನಿಜ. ಆದರೆ ಕೆಲವೊಮ್ಮೆ ಮಗುವಿನ ಮುಂದಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಬೀಳುತ್ತದೆ. ಹೊರಬಂದ ತಲೆ ಮತ್ತೆ ಒಳಕ್ಕೆ ಸರಿದಂತೆ ಕಾಣುತ್ತದೆ. ವೈದ್ಯರು ಇದನ್ನು ಶೋಲ್ಡರ್ ಡಿಸ್ಟೋಶಿಯಾ ಎನ್ನುತ್ತಾರೆ. ಆಗ ತಲೆ ಹಿಡಿದು ಜಗ್ಗಿದರೆ ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳು ಸೆಳೆದು ಹಾನಿಯಾಗಬಹುದು, ತೋಳು ಜೋತುಬೀಳಬಹುದು. ಇತ್ತ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತಿರುತ್ತದೆ. ಕೈಯಲ್ಲಿರುವುದು ಕೆಲವೇ ನಿಮಿಷ.

ಅದಕ್ಕೇ ಮೊದಲು ತಾಯಿಯ ಭಂಗಿ ಬದಲಿಸುತ್ತಾರೆ. ಕಾಲುಗಳನ್ನು ಮಡಚಿ ತೊಡೆಯನ್ನು ಹೊಟ್ಟೆಗೆ ಒತ್ತಿದಾಗ ಬೆನ್ನಿನ ಕೆಳಭಾಗದ ಬಾಗು ನೇರವಾಗುತ್ತದೆ, ಮುಂಭಾಗದ ಮೂಳೆ ಮೇಲಕ್ಕೆ ತಿರುಗುತ್ತದೆ. ಸೊಂಟದ ಮೂಳೆ ಹಿಗ್ಗದಿದ್ದರೂ ಕೋನ ಬದಲಾಗಿ ಭುಜಕ್ಕೆ ದಾರಿ ಸಿಗುತ್ತದೆ. ಹ್ಯೂಸ್ಟನ್ನಿನ ವೈದ್ಯ ವಿಲಿಯಂ ಮ್ಯಾಕ್‌ರಾಬರ್ಟ್ಸ್ ಅವರ ಹೆಸರಿನ ಈ ವಿಧಾನ 1983ರಲ್ಲಿ ವೈದ್ಯಕೀಯ ಬರಹಕ್ಕೆ ಬಂತು. ಜೊತೆಗೆ ಇನ್ನೊಬ್ಬರು ಆ ಮೂಳೆಯ ತುಸು ಮೇಲೆ, ಮಗುವಿನ ಬೆನ್ನಿರುವ ಕಡೆಯಿಂದ ಒತ್ತಿ ಭುಜವನ್ನು ಓರೆಗೆ ಸರಿಸುತ್ತಾರೆ.

ಇಲ್ಲೊಂದು ಎಚ್ಚರಿಕೆ. ಒತ್ತಬೇಕಾದ್ದು ಕಿಬ್ಬೊಟ್ಟೆಯನ್ನೇ ಹೊರತು ಹೊಟ್ಟೆಯ ಮೇಲ್ಭಾಗವನ್ನಲ್ಲ. ಮೇಲಿನಿಂದ ಒತ್ತಿದರೆ ಭುಜ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಗರ್ಭಕೋಶ ಹರಿಯುವ ಅಪಾಯವೂ ಇದೆ.

ಇಷ್ಟಕ್ಕೂ ಬಿಡಿಸಿಕೊಳ್ಳದಿದ್ದರೆ ವೈದ್ಯರು ಕೈ ಒಳಹಾಕಿ ಮಗುವಿನ ಹಿಂದಿನ ತೋಳನ್ನು ಮಡಚಿ, ಎದೆಯ ಮೇಲಿಂದ ಜಾರಿಸಿ ಹೊರತರುತ್ತಾರೆ. ಇಲ್ಲವೇ ಸ್ಕ್ರೂ ತಿರುಗಿಸಿದಂತೆ ಭುಜಗಳನ್ನು ತಿರುಗಿಸುತ್ತಾರೆ; ಇದನ್ನು ವುಡ್ಸ್ ಎಂಬ ವೈದ್ಯರು 1943ರಲ್ಲಿ ವಿವರಿಸಿದರು. ತಾಯಿಯನ್ನು ಅಂಬೆಗಾಲಿನ ಭಂಗಿಗೆ ತಿರುಗಿಸುವುದೂ ಒಂದು ಉಪಾಯ. ಅಮೆರಿಕದ ಸೂಲಗಿತ್ತಿ ಐನಾ ಮೇ ಗಾಸ್ಕಿನ್ ಇದನ್ನು ಪ್ರಚಾರಕ್ಕೆ ತಂದರು. ಇದರ ಮೂಲ ಗ್ವಾಟೆಮಾಲದ ಸೂಲಗಿತ್ತಿಯರ ಅನುಭವ. ಹೆರಿಗೆ ಮಾಡಿಸುವ ಹೆಂಗಸರ ಕೈಯರಿವು ಆಸ್ಪತ್ರೆಯ ಪಾಠವಾದದ್ದು ಹೀಗೆ.

ಮೊದಲೇ ತಿಳಿಯಲಾಗದೇ ಎಂದು ನೀವು ಕೇಳಬಹುದು. ಸಕ್ಕರೆ ಕಾಯಿಲೆ, ದಪ್ಪ ಮಗು ಇದ್ದರೆ ಅಪಾಯ ಹೆಚ್ಚು. ಆದರೆ ನಾಲ್ಕು ಕಿಲೋಗಿಂತ ಕಡಿಮೆ ತೂಕದ ಮಕ್ಕಳಲ್ಲೂ ಇದು ಆಗಾಗ ಆಗುತ್ತದೆ. ಆದ್ದರಿಂದ ನಿಜವಾದ ರಕ್ಷಣೆ ಇಡೀ ತಂಡದ ತಾಲೀಮು. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ವೈದ್ಯರು, ಸೂಲಗಿತ್ತಿಯರು ಎಲ್ಲರೂ ಬೊಂಬೆಯ ಮೇಲೆ ಅಭ್ಯಾಸ ಮಾಡತೊಡಗಿದ ಮೇಲೆ, ಹೀಗೆ ಸಿಕ್ಕಿಬಿದ್ದ ಮಕ್ಕಳಲ್ಲಿ ಗಾಯಗೊಳ್ಳುವವರ ಪ್ರಮಾಣ ಶೇ 9.3ರಿಂದ ಶೇ 2.3ಕ್ಕೆ ಇಳಿಯಿತು ಎಂದು 2008ರಲ್ಲಿ ವರದಿಯಾಯಿತು. ನಮ್ಮ ಪ್ರತಿ ಹೆರಿಗೆ ಕೋಣೆಯಲ್ಲೂ ಇಂಥ ತಾಲೀಮು ನಡೆಯಲೇಬೇಕು.

ಮಗು ಎರಡೂ ತೋಳನ್ನು ಸಮನಾಗಿ ಆಡಿಸುತ್ತಿದೆಯೇ ಎಂದು ಮಕ್ಕಳ ವೈದ್ಯರಿಗೆ ತೋರಿಸಿ. ಬಹುಪಾಲು ನರಗಾಯಗಳು ತಾವಾಗಿ ವಾಸಿಯಾಗುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ನಡೆದದ್ದನ್ನು ಬರೆಸಿ, ಜೋಪಾನ ಮಾಡಲು ಅಕ್ಕನಿಗೆ ಹೇಳಿ. ಮುಂದಿನ ಬಸಿರಿನಲ್ಲಿ ಇದು ಮರುಕಳಿಸುವ ಸಾಧ್ಯತೆ ಹೆಚ್ಚಿರುವುದರಿಂದ, ಮೊದಲ ಭೇಟಿಯಲ್ಲೇ ಆ ಚೀಟಿ ವೈದ್ಯರ ಕೈ ಸೇರಬೇಕು.