ಮೈದಾನದ ಓದಿಗೆ ಹೊರಟ ಮಗಳಿಗೆ

ವ್ಯಾಯಾಮ ವಿಜ್ಞಾನ ಮತ್ತು ಕ್ರೀಡಾ ನಿರ್ವಹಣೆ ಓದುತ್ತೇನೆ ಎಂದು ನೀನು ಹೇಳಿದ್ದಕ್ಕೆ ಮನೆಯಲ್ಲಿ ಸಣ್ಣ ಗಲಾಟೆಯೇ ಆಯಿತಂತೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡು, ಟ್ಯೂಷನ್ನಿಗೆ ಅಷ್ಟು ದುಡ್ಡು ಸುರಿದು, ಕಡೆಗೆ ಪಿ.ಟಿ. ಟೀಚರ್ ಆಗೋದಾ ಎಂದು ನಿಮ್ಮಪ್ಪ ಕೇಳಿದನಂತೆ. 'ದೊಡ್ಡಪ್ಪನ್ನೇ ಕೇಳಿ' ಎಂದು ನೀನು ನನ್ನ ಕಡೆ ಕೈ ತೋರಿಸಿದೆಯಂತೆ. ಸೀಟಿ ಊದುತ್ತಲೇ ತಲೆ ನರೆತವನು ನಾನು, ಆದ್ದರಿಂದ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಿಮ್ಮಪ್ಪನಿಗೆ ಏನು ಹೇಳಬೇಕೋ ಅದನ್ನು ಫೋನಿನಲ್ಲಿ ಹೇಳಿದ್ದೇನೆ. ನಿನಗೆ ಹೇಳಬೇಕಾದದ್ದು ಬೇರೆಯೇ ಇದೆ, ಅದಕ್ಕೇ ಬರೆಯಲು ಕೂತೆ.

ಆಟ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಈ ಓದಿಗೆ ಬರಬೇಡ. ನೀನು ಜಿಲ್ಲಾ ಮಟ್ಟದಲ್ಲಿ ನಾನೂರು ಮೀಟರ್ ಓಡಿದವಳು, ಮೆಡಲ್ಲೂ ಇದೆ, ಸಂತೋಷ. ಆದರೆ ಕ್ಲಾಸಿನಲ್ಲಿ ಕೂತ ದಿನದಿಂದ ನಿನ್ನ ಓಟ ಯಾರಿಗೂ ಮುಖ್ಯವಲ್ಲ. ಅನಾಟಮಿ, ಫಿಸಿಯಾಲಜಿ, ಬಯೋಮೆಕ್ಯಾನಿಕ್ಸ್, ಪೌಷ್ಟಿಕತೆ, ಮನಶ್ಶಾಸ್ತ್ರ, ಇವೆಲ್ಲದರ ಬೆನ್ನಿಗೆ ಸಂಖ್ಯಾಶಾಸ್ತ್ರ. ಕ್ರಿಕೆಟ್ ಹುಚ್ಚಿಗೆ ಸೇರಿದ ಹುಡುಗರು ಮೊದಲ ಸೆಮಿಸ್ಟರಿನಲ್ಲೇ ಸ್ನಾಯುಗಳ ಹೆಸರಿನ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನು ಓದಿದ ಭೌತಶಾಸ್ತ್ರ, ಜೀವಶಾಸ್ತ್ರ ಇಲ್ಲಿ ವ್ಯರ್ಥವಾಗುವುದಿಲ್ಲ. ಅದು ಇಲ್ಲದಿದ್ದವರೇ ಒದ್ದಾಡುವುದು.

ಭೌತಶಾಸ್ತ್ರದ ಪುಸ್ತಕದಲ್ಲಿ, ಎಸೆದ ವಸ್ತು ಅತಿ ದೂರ ಹೋಗಬೇಕಾದರೆ ನಲವತ್ತೈದು ಡಿಗ್ರಿಯಲ್ಲಿ ಎಸೆಯಬೇಕು ಎಂದು ಬರೆದಿತ್ತಲ್ಲ, ಆ ಲೆಕ್ಕ ಹಿಡಿದು ಯಾರೂ ಜಾವೆಲಿನ್ ಎಸೆಯುವುದಿಲ್ಲ. ಒಳ್ಳೆಯ ಎಸೆತಗಾರರ ಕೈಯಿಂದ ಅದು ಹೊರಡುವುದು ಮೂವತ್ತೈದು ಡಿಗ್ರಿಯ ಆಸುಪಾಸಿನಲ್ಲಿ. ಗಾಳಿ ಈಟಿಯನ್ನು ಎತ್ತಿ ಹಿಡಿಯುತ್ತದೆ. ಜೊತೆಗೆ, ಕೋನ ಹೆಚ್ಚಿದಂತೆ ನಮ್ಮ ತೋಳು ಕೊಡಬಲ್ಲ ವೇಗ ಕಡಿಮೆಯಾಗುತ್ತದೆ. ಈ ಎರಡನೆಯ ಕಾರಣ ಭೌತಶಾಸ್ತ್ರದ ಮೇಷ್ಟರಿಗೆ ಬೇಕಿಲ್ಲ, ನಿನಗೆ ಬೇಕು. ನೀರಜ್ ಚೋಪ್ರಾ 2021ರ ಆಗಸ್ಟಿನಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಅವನ ಕೋಚ್ ಆಗಿದ್ದ ಜರ್ಮನಿಯ ಕ್ಲೌಸ್ ಬಾರ್ಟೋನಿಯೆಟ್ಸ್ ಮೂಲತಃ ಬಯೋಮೆಕ್ಯಾನಿಕ್ಸ್ ತಜ್ಞರು. ಎರಡು ವರ್ಷ ಮೊದಲು ಮೊಣಕೈ ಆಪರೇಷನ್ ಆಗಿದ್ದ ಹುಡುಗನ ತೋಳು ಅದು. ಎಷ್ಟು ಎಸೆಯಬೇಕು ಅನ್ನುವುದರ ಜೊತೆಗೆ ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದೂ ಗೊತ್ತಿದ್ದವರು ಪಕ್ಕದಲ್ಲಿರಬೇಕಿತ್ತು.

ಬೇರೆಯವರ ಮೈ ನಿನ್ನ ಕೈಗೆ ಬರುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಅದಕ್ಕೆ ತಕ್ಕಂತೆ ಓದು.

ಮೊದಲು ಅಳೆಯುವುದನ್ನು ಕಲಿ, ಅಳತೆಯನ್ನು ಅನುಮಾನಿಸುವುದನ್ನೂ ಕಲಿ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು, ಅಂದರೆ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ನೆನಪಿದೆಯಾ? ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟನ 9.58 ಮುರಿಯಿತು ಎಂದು ದೇಶವೆಲ್ಲ ಕುಣಿಯಿತು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಈಗ ಲೆಕ್ಕ ನೋಡು. ನೂರು ಮೀಟರ್ ಓಟದಲ್ಲಿ ನಿಂತಲ್ಲಿಂದ ವೇಗ ಹಿಡಿಯುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಬೋಲ್ಟನಂಥವನಿಗೂ ಮೊದಲ ಹತ್ತು ಮೀಟರಿಗೆ ಸುಮಾರು 1.9 ಸೆಕೆಂಡ್ ಬೇಕು, ಪೂರ್ತಿ ವೇಗ ಬಂದ ಮೇಲೆ ಅದೇ ಹತ್ತು ಮೀಟರಿಗೆ 0.8 ಸಾಕು. ಓಟದ ದೂರ ನೂರರಿಂದ ನೂರೈವತ್ತು ಮೀಟರಿನ ಹತ್ತಿರಕ್ಕೆ ಏರಿದರೆ ಆ ನಿಧಾನದ ಆರಂಭ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದಾನೆ, ಅದರ ಕೊನೆಯ ನೂರು ಮೀಟರ್ 8.70 ಸೆಕೆಂಡ್. ಹಾಗಂತ ನೂರು ಮೀಟರಿನ ದಾಖಲೆ 8.70 ಎಂದು ಯಾರೂ ಬರೆದುಕೊಳ್ಳಲಿಲ್ಲ. ಇನ್ನು ಕಂಬಳದ ಓಟಗಾರನನ್ನು ಮುಂದಕ್ಕೆ ಎಳೆಯುವ ಕೋಣಗಳಿರುತ್ತವೆ, ಕಾಲ ಕೆಳಗೆ ಕೆಸರಿರುತ್ತದೆ. ಅದೇ ಬೇರೆ ವಿದ್ಯೆ, ಅದರಲ್ಲಿ ಆತ ದೊಡ್ಡವನು. ಟ್ರಯಲ್ಸ್‌ಗೆ ಆತ ಹೋಗಲಿಲ್ಲ, ಬೋಲ್ಟನ ಜೊತೆ ಹೋಲಿಸಬೇಡಿ ಎಂದೂ ಹೇಳಿದ. ಟೀವಿ ಸ್ಟುಡಿಯೋದಲ್ಲಿ ಕೂತವರಿಗಿಂತ ಆತನಿಗೇ ವಿಜ್ಞಾನ ಚೆನ್ನಾಗಿ ಗೊತ್ತಿತ್ತು ಎಂದು ನನ್ನ ಅಭಿಪ್ರಾಯ.

ಜಿಮ್ಮುಗಳ ಗೋಡೆ ಮೇಲಿನ ಸೂತ್ರಕ್ಕೂ ಇದೇ ಮಾತು. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಹೃದಯಬಡಿತ ಎನ್ನುತ್ತಾರೆ. 1971ರ ಒಂದು ಲೇಖನದಲ್ಲಿ ಅಲ್ಲಿ ಇಲ್ಲಿ ಸಿಕ್ಕ ಅಂಕಿಗಳ ನಡುವೆ ಅಂದಾಜಿಗೆ ಎಳೆದ ಗೆರೆ ಅದು. 2001ರಲ್ಲಿ ಟನಾಕ ಮತ್ತು ಸಂಗಡಿಗರು ಬಹಳಷ್ಟು ಅಧ್ಯಯನ ಒಟ್ಟು ಮಾಡಿ, 208ರಲ್ಲಿ ವಯಸ್ಸಿನ 0.7 ಪಾಲು ಕಳೆಯಿರಿ ಎಂದರು. ಅರವತ್ತರ ಅಜ್ಜನಿಗೆ ಹಳೆಯ ಸೂತ್ರ 160 ಕೊಟ್ಟರೆ ಹೊಸದು 166 ಕೊಡುತ್ತದೆ, ಇಪ್ಪತ್ತರ ಹುಡುಗಿಗೆ 200ರ ಬದಲು 194. ಎರಡೂ ಸರಾಸರಿಗಳೇ. ನಿನ್ನೆದುರು ನಿಂತ ಒಬ್ಬ ವ್ಯಕ್ತಿಯ ಹೃದಯ ಅದಕ್ಕಿಂತ ಹತ್ತು ಬಡಿತ ಆಚೆಯೋ ಈಚೆಯೋ ಇರಬಹುದು. ಸೂತ್ರ ಬಾಯಿಪಾಠ ಮಾಡಿದವನು ಆ ಅಜ್ಜನನ್ನು ಟ್ರೆಡ್‌ಮಿಲ್ ಮೇಲೆ ಹತ್ತಿಸಿ ಸುಮ್ಮನೆ ನಿಲ್ಲುತ್ತಾನೆ. ನೀನು ಅವರ ಮುಖ ನೋಡು, ಮಾತಾಡಲು ಆಗುತ್ತಿದೆಯಾ ಕೇಳು, ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅನ್ನುವುದನ್ನು ಮೊದಲೇ ವಿಚಾರಿಸಿರು. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಹೃದಯಬಡಿತ ಏರುವುದನ್ನೇ ತಡೆಯುತ್ತವೆ. ಆಗ ಯಾವ ಸೂತ್ರವೂ ನಡೆಯುವುದಿಲ್ಲ.

ಯಂತ್ರ ಇಲ್ಲದೆ ಏನೂ ಆಗದು ಎಂದೂ ತಿಳಿಯಬೇಡ. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಕೊಟ್ಟ ಪರೀಕ್ಷೆಗೆ ಒಂದು ಗಡಿಯಾರ, ಒಂದು ಟ್ರ್ಯಾಕ್ ಸಾಕು. ಹನ್ನೆರಡು ನಿಮಿಷ ಓಡಿಸು, ದೂರ ಅಳೆ, ಅದರಲ್ಲಿ 504.9 ಕಳೆದು 44.73ರಿಂದ ಭಾಗಿಸು. 2,400 ಮೀಟರ್ ಓಡಿದವಳಿಗೆ ಸುಮಾರು 42 ಬರುತ್ತದೆ. ಕಿಲೋ ತೂಕಕ್ಕೆ ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಆಮ್ಲಜನಕ ಅವಳ ಮೈ ಬಳಸಬಲ್ಲದು ಎಂದರ್ಥ. ಕಬಡ್ಡಿ ತಂಡದ ಹುಡುಗಿಯರನ್ನು ಅಭ್ಯಾಸಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಕ ಮಾಡು. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಎಂದು ಲೆಕ್ಕ. ರಾಯಚೂರಿನ ಏಪ್ರಿಲಿನಲ್ಲಿ ಪೊಲೀಸ್ ಭರ್ತಿಗೆಂದು ಓಡುವ ಹುಡುಗರಿಗೆ ಈ ಒಂದು ತಕ್ಕಡಿ ಎಷ್ಟು ಉಪಕಾರ ಮಾಡೀತು ಗೊತ್ತಾ? ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಭರ್ತಿಗೆ ನಾಲ್ಕು ದಿನ ಇರುವಾಗ ಎದ್ದು ಓಡುವವರೇ ಜಾಸ್ತಿ. ಯಾರಾದರೂ ಓಡುತ್ತಾ ಬಿದ್ದು, ಮೈ ಕಾದು, ಮಾತು ತೊದಲಿದರೆ ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿಸು, ಗಾಡಿ ಬರುವ ತನಕ ತಣ್ಣೀರಿನಲ್ಲಿ ಮೈ ಅದ್ದಿ ತಣಿಸುತ್ತಲೇ ಇರು. ತಣಿಸಿ ಆಮೇಲೆ ಸಾಗಿಸು ಅನ್ನುವುದು ಇಡೀ ಜಗತ್ತು ಒಪ್ಪಿದ ಕ್ರಮ. ನಮ್ಮ ಮೈದಾನಗಳಲ್ಲಿ ಇನ್ನೂ ಸೋಡಾ ಹುಡುಕುತ್ತಾರೆ.

ನೀನು ಹೆಣ್ಣುಮಗಳು, ಆದ್ದರಿಂದ ಇನ್ನೊಂದನ್ನು ಬಿಡಿಸಿ ಹೇಳುತ್ತೇನೆ. ದೂರದ ಓಟದ ಹುಡುಗಿಯರಿಗೆ ತಿಂಗಳುಗಟ್ಟಲೆ ಮುಟ್ಟು ನಿಂತರೆ, ಅಭ್ಯಾಸ ಚೆನ್ನಾಗಿ ಮೈಗೆ ಹತ್ತಿದೆ ಎನ್ನುವ ಕೋಚುಗಳು ನಮ್ಮಲ್ಲಿದ್ದರು, ಈಗಲೂ ಇದ್ದಾರೆ. ಅದು ಅಪಾಯದ ಗಂಟೆ. ಮಾಡುವ ಶ್ರಮಕ್ಕೆ ಉಣ್ಣುವ ಅನ್ನ ಸಾಲುತ್ತಿಲ್ಲ ಎಂದು ಮೈ ಹೇಳುತ್ತಿದೆ. ಹೀಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಬಿರುಕು ಬಿಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಶ್ರಮಕ್ಕೆ ತಕ್ಕ ಊಟ ಸಾಲದ ಈ ಸ್ಥಿತಿಗೊಂದು ಹೆಸರಿಟ್ಟು, ಗಂಡುಮಕ್ಕಳನ್ನೂ ಇದು ಬಾಧಿಸುತ್ತದೆ ಎಂದು ಎಚ್ಚರಿಸಿತು. ಹಳ್ಳಿ ಹುಡುಗಿ ಇದನ್ನು ನನ್ನಂಥ ಗಂಡು ಮೇಷ್ಟರ ಹತ್ತಿರ ಹೇಳುವಳೇ? ನಿನ್ನ ಹತ್ತಿರ ಹೇಳುತ್ತಾಳೆ. ನೀನು ಈ ಓದಿಗೆ ಹೋಗಬೇಕು ಎಂದು ನಿಮ್ಮಪ್ಪನ ಹತ್ತಿರ ನಾನು ವಾದ ಮಾಡಿದ್ದು ಹೆಚ್ಚಾಗಿ ಇದೊಂದು ಕಾರಣಕ್ಕೆ.

ಹಾಗೆಯೇ, ಕೈಗೆ ಬಂದ ಮೈಗೆ ಏನು ತಿನ್ನಿಸುತ್ತಿದ್ದೇನೆ ಎಂದು ಗೊತ್ತಿಲ್ಲದೆ ಏನನ್ನೂ ಕೊಡಬೇಡ. 2010ರ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಚಿನ್ನ ಗೆದ್ದ ನಮ್ಮ ಹುಡುಗಿಯರಲ್ಲಿ ಕೆಲವರು ಮರುವರ್ಷವೇ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. ವಿದೇಶಿ ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಮಾತ್ರೆ ನುಂಗಿದ್ದೆವು, ಬೇರೆ ಗೊತ್ತಿಲ್ಲ ಎಂದರು. ಕ್ರೀಡಾ ನ್ಯಾಯಮಂಡಳಿ ಒಂದು ವರ್ಷದ ಶಿಕ್ಷೆಯನ್ನು ಎರಡಕ್ಕೆ ಏರಿಸಿತು. ಕೊಟ್ಟವರು ಯಾರೇ ಇರಲಿ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಅನ್ನುವುದು ಅಲ್ಲಿನ ನಿಯಮ. ಪ್ರೋಟೀನ್ ಡಬ್ಬಿ ಮಾರಿದರೆ ಕಮಿಷನ್ ಕೊಡುತ್ತೇವೆ ಎಂದು ನಿನ್ನ ಹತ್ತಿರವೂ ಬರುತ್ತಾರೆ. ಬಾಗಿಲಲ್ಲೇ ಕಳಿಸು.

ಇನ್ನು ಹೊಟ್ಟೆಪಾಡಿನ ಮಾತು. ಈ ಡಿಗ್ರಿಗಳು ಒಂದೇ ಥರ ಕಂಡರೂ ತೆರೆಯುವ ಬಾಗಿಲು ಬೇರೆ ಬೇರೆ, ಇದನ್ನು ಕಾಲೇಜಿನ ಬ್ರೋಷರುಗಳು ಬಾಯಿಬಿಟ್ಟು ಹೇಳುವುದಿಲ್ಲ. ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಲು ಎನ್‌ಸಿಟಿಇ ಮಾನ್ಯತೆಯ ಬಿ.ಪಿ.ಇಡ್. ಬೇಕು, ವ್ಯಾಯಾಮ ವಿಜ್ಞಾನದ ಬಿ.ಎಸ್ಸಿ. ಅದರ ಬದಲಿಗೆ ನಡೆಯದು. ಪದವಿ ಕಾಲೇಜಿನಲ್ಲಿ ನನ್ನ ಕೆಲಸ ಬೇಕಿದ್ದರೆ ಎಂ.ಪಿ.ಇಡ್., ಅದರ ಮೇಲೆ ನೆಟ್ ಅಥವಾ ಕೆ-ಸೆಟ್. ಕೋಚ್ ಆಗುವುದಾದರೆ 1961ರಲ್ಲಿ ಶುರುವಾದ ಪಟಿಯಾಲಾದ ಎನ್‌ಐಎಸ್‌ನ ಡಿಪ್ಲೊಮಾಕ್ಕೆ ಇವತ್ತಿಗೂ ಬೆಲೆ ಇದೆ. ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ 1957ರಿಂದ ದೈಹಿಕ ಶಿಕ್ಷಣ ಕಲಿಸುತ್ತಿದೆ. ಅಲ್ಲಿಗೆ ಹೋಗುವ ಧೈರ್ಯ ಇದ್ದರೆ ಹೋಗು, ಊಟ ಮಾತ್ರ ಒಂದು ತಿಂಗಳು ಕಷ್ಟ. ಮತ್ತೆ ನೆನಪಿಡು, ನೀನು ಫಿಸಿಯೋಥೆರಪಿಸ್ಟ್ ಅಲ್ಲ. ಉಳುಕಿದ ಕಾಲಿಗೆ ಚಿಕಿತ್ಸೆ ಕೊಡಲು ಬೇರೆ ಓದು, ಬೇರೆ ಕಾನೂನು ಇದೆ. ಎಲ್ಲಿ ಕೈ ಹಿಂದೆಗೆದು 'ಡಾಕ್ಟರ ಹತ್ತಿರ ಹೋಗಿ' ಅನ್ನಬೇಕು ಎಂದು ತಿಳಿದವಳೇ ಒಳ್ಳೆಯ ತರಬೇತುದಾರಳು.

ಕ್ರೀಡಾ ನಿರ್ವಹಣೆ ಅಂದಕೂಡಲೇ ಐಪಿಎಲ್, ಜಾಹೀರಾತು, ಕೋಟು ಹಾಕಿಕೊಂಡು ಆಟಗಾರರ ಪಕ್ಕ ಓಡಾಡುವುದು, ಇಷ್ಟೇ ನಿಮ್ಮ ತಲೆಗೆ ಬರುವುದು. ಇರಲಿ, ಅದೂ ಕೆಲಸವೇ. ಆದರೆ 2025ರ ಜೂನ್ 4ನ್ನು ಮರೆಯಬೇಡ. ಆರ್‌ಸಿಬಿ ಗೆದ್ದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಹನ್ನೊಂದು ಜನ ನೂಕುನುಗ್ಗಲಿನಲ್ಲಿ ಸತ್ತರು. ನಿನ್ನ ವಯಸ್ಸಿನವರೂ ಅದರಲ್ಲಿದ್ದರು. ಇಂಥದ್ದು ಹಿಂದೆಯೂ ಆಗಿದೆ. 1989ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಹೊರಗಿನ ಒತ್ತಡ ತಾಳಲಾರದೆ ಒಂದು ಗೇಟು ತೆರೆದರು. ಜನ ಎದುರಿಗೆ ಕಂಡ ಸುರಂಗದ ದಾರಿ ಹಿಡಿದು ಆಗಲೇ ತುಂಬಿಹೋಗಿದ್ದ ಅಂಕಣಕ್ಕೆ ನುಗ್ಗಿದರು. ಅಕ್ಕಪಕ್ಕದಲ್ಲಿ ಜಾಗ ಇತ್ತು, ಅತ್ತ ಕಳಿಸುವವರು ಇರಲಿಲ್ಲ. ಒಟ್ಟು 97 ಜೀವ ಹೋಯಿತು. ಎಷ್ಟು ಜನ ಬರುತ್ತಾರೆ, ಒಂದು ಗೇಟಿನಲ್ಲಿ ನಿಮಿಷಕ್ಕೆ ಎಷ್ಟು ಮಂದಿ ದಾಟಬಲ್ಲರು, ದಟ್ಟಣೆ ಮೀರಿದರೆ ಕಾರ್ಯಕ್ರಮ ನಿಲ್ಲಿಸಿ ಎಂದು ಹೇಳುವ ಅಧಿಕಾರ ಯಾರಿಗಿದೆ ಎನ್ನುವುದೇ ನಿರ್ವಹಣೆಯ ಮೊದಲ ಪಾಠ ಆಗಬೇಕು. ಪ್ರಾಯೋಜಕರ ಫಲಕ ಎಲ್ಲಿ ಕಟ್ಟಬೇಕು ಅನ್ನುವುದು ಆಮೇಲೆ.

ಒಳ್ಳೆಯ ನಿರ್ವಹಣೆ ನೋಡಬೇಕೆಂದರೆ ದೂರ ಹೋಗಬೇಕಾಗಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳ ತಂಡ ಸೇರಿಸಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಕ್ಕೆ ಮುಟ್ಟಿತು. ಪ್ರತಿವರ್ಷ ಒಂದೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊತ್ತು ನಡೆಸುತ್ತದೆ. ಹೆಂಗಸರೂ ಗಂಡಸರೂ ಒಂದೇ ತಂಡದಲ್ಲಿ ಆಡುತ್ತಾರೆ. ನಾಕೌಟ್ ಲೆಕ್ಕದಲ್ಲಿ 360 ತಂಡಕ್ಕೆ 359 ಪಂದ್ಯ. ಬಿಸಿಲು, ಮಧ್ಯೆ ಮಳೆ, ಮೈದಾನ, ತೀರ್ಪುಗಾರರು, ಊಟ, ಗ್ಯಾಲರಿ, ಎಲ್ಲವನ್ನೂ ಒಂದು ಮನೆತನ ಹೊಂದಿಸಬೇಕು. ಸೇರಿದ ಮೇಲೆ ಮೊದಲ ಬೇಸಿಗೆ ರಜೆಯಲ್ಲಿ ಒಮ್ಮೆ ಕೊಡಗಿಗೆ ಹೋಗಿ, ಅಂಕಪಟ್ಟಿ ಬರೆಯುವವರ ಪಕ್ಕದಲ್ಲಿ ಕೂತು ಬಾ.

ಅಪ್ಪ ಒಪ್ಪಿದ್ದಾನೆ, ಒಂದು ಷರತ್ತಿನ ಮೇಲೆ: ಕಾಲೇಜು ಆರಿಸುವಾಗ ನಾನೂ ನಿನ್ನ ಜೊತೆ ಬರಬೇಕಂತೆ. ಬರುತ್ತೇನೆ. ಹೋದಲ್ಲೆಲ್ಲ ನೀನೇ ಕೇಳಬೇಕು, ನಾನು ಬಾಯಿ ಬಿಡುವುದಿಲ್ಲ. ಪ್ರಯೋಗಾಲಯದ ಬೀಗ ತೆಗೆಸು. ಯಂತ್ರಗಳ ಮೇಲೆ ಧೂಳಿದೆಯಾ ನೋಡು. ಕೊನೆಯ ವರ್ಷದ ಮಕ್ಕಳನ್ನು ಯಾವ ತಂಡದ ಜೊತೆ, ಯಾವ ಆಸ್ಪತ್ರೆಗೆ, ಯಾವ ಕ್ರೀಡಾಂಗಣಕ್ಕೆ ಕೆಲಸ ಕಲಿಯಲು ಕಳಿಸುತ್ತಾರೆ ಎಂದು ಹೆಸರು ಹಿಡಿದು ಕೇಳು. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂದೂ ಸಂಕೋಚ ಬಿಟ್ಟು ಕೇಳು, 2013ರ ಕಾನೂನಿನ ಪ್ರಕಾರ ಅವರು ಹೇಳಲೇಬೇಕು. ಉತ್ತರ ಕೊಡಲು ತಡವರಿಸುವ ಕಾಲೇಜಿಗೆ ಫೀಸು ಕಟ್ಟುವುದು ಬೇಡ.