ಒಂದೇ ಬಿಪಿಗೆ ಎರಡು ಔಷಧ ಏಕೆ?

ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಬಿಪಿಗೆಂದು ಎರಡು ಔಷಧಗಳನ್ನು ಕಂಡಾಗ, ಕಾಯಿಲೆ ಕೈಮೀರಿತೇನೋ ಎಂಬ ಅಳುಕು ನಿಮ್ಮಲ್ಲಿ ಮೂಡಬಹುದು. ಬಹುಪಾಲು ಸಂದರ್ಭಗಳಲ್ಲಿ ಆ ಅಳುಕಿಗೆ ಕಾರಣವಿಲ್ಲ. ಬುಡದಿಂದಲೇ ನೋಡೋಣ ಬನ್ನಿ.

ಹರಿಯುವ ರಕ್ತವು ರಕ್ತನಾಳಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ, ಅಂದರೆ ಬಿಪಿ. 140/90 ಎಂದು ಬರೆದಿದ್ದರೆ ಮೊದಲ ಅಂಕಿ ಹೃದಯ ಹಿಂಡಿಕೊಂಡಾಗಿನ ಒತ್ತಡ, ಎರಡನೆಯದು ಅದು ಸಡಿಲಗೊಂಡಾಗಿನದು. ಹೃದಯ ಎಷ್ಟು ರಕ್ತವನ್ನು ಹೊರದೂಡುತ್ತದೆ, ಸಣ್ಣ ನಾಳಗಳು ಎಷ್ಟು ಬಿಗಿದುಕೊಂಡಿವೆ ಎಂಬುದರ ಮೇಲೆ ಈ ಒತ್ತಡ ನಿಂತಿದೆ.

ಈಗ ಮೂರು ಔಷಧಗಳ ಪರಿಚಯ ಮಾಡಿಕೊಳ್ಳಿ. ಅಮ್ಲೋಡಿಪಿನ್ ನಾಳದ ಗೋಡೆಯ ಸ್ನಾಯುವಿನೊಳಗೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸುತ್ತದೆ. ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. ಕ್ಲೋರ್‌ಥಾಲಿಡೋನ್ ಹೆಚ್ಚಿನ ಉಪ್ಪು ಮತ್ತು ನೀರನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ. ಟೆಲ್ಮಿಸಾರ್ಟನ್, ಆಂಜಿಯೋಟೆನ್ಸಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ನಾಳಗಳನ್ನು ಬಿಗಿಗೊಳಿಸುವುದು, ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡುವುದು ಆಂಜಿಯೋಟೆನ್ಸಿನ್‌ನ ಕೆಲಸ.

ಇಡೀ ವಿಷಯದ ತಿರುಳು ಮುಂದಿನ ಮಾತಿನಲ್ಲಿದೆ. ದಯವಿಟ್ಟು ನಿಧಾನವಾಗಿ ಓದಿ. ಒತ್ತಡ ಇಳಿದರೆ ನಮ್ಮ ದೇಹ ಸುಮ್ಮನಿರುವುದಿಲ್ಲ. ಕ್ಲೋರ್‌ಥಾಲಿಡೋನ್‌ನಿಂದ ಉಪ್ಪುನೀರು ಕಡಿಮೆಯಾದೊಡನೆ ಮೂತ್ರಪಿಂಡಗಳು ರೆನಿನ್ ಎಂಬ ಕಿಣ್ವವನ್ನು ಹೆಚ್ಚು ಸುರಿಸುತ್ತವೆ. ಅದರಿಂದ ಆಂಜಿಯೋಟೆನ್ಸಿನ್ ಹೆಚ್ಚುತ್ತದೆ, ನಾಳಗಳು ಮತ್ತೆ ಬಿಗಿಯುತ್ತವೆ. ಒಂದು ಬಾಗಿಲು ಮುಚ್ಚಿದರೆ ಒತ್ತಡ ಇನ್ನೊಂದರಿಂದ ಒಳಬರುತ್ತದೆ ಎನ್ನಿ. ಜೊತೆಗೆ ಟೆಲ್ಮಿಸಾರ್ಟನ್ ಇದ್ದರೆ ಆ ಬಾಗಿಲೂ ಮುಚ್ಚುತ್ತದೆ. ದೇಹದ ಈ ಮರುನಡೆಯನ್ನು ಮುಂಚಿತವಾಗಿಯೇ ಲೆಕ್ಕಹಾಕಿ ಜೋಡಿ ಕಟ್ಟುವ ಕ್ರಮ ನನಗೆ ಇಂದಿಗೂ ಬಹಳ ಸುಂದರವಾಗಿ ಕಾಣುತ್ತದೆ.

ಒಂದೇ ಔಷಧದ ಪ್ರಮಾಣವನ್ನು ಹೆಚ್ಚಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಪ್ರಮಾಣ ಇಮ್ಮಡಿಯಾದರೂ ಪರಿಣಾಮ ಇಮ್ಮಡಿಯಾಗುವುದಿಲ್ಲ. ತೊಂದರೆಗಳು ಮಾತ್ರ ಏರಬಹುದು. 42 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬೇರೆ ವರ್ಗದ ಔಷಧವೊಂದನ್ನು ಸೇರಿಸಿದಾಗ ಒತ್ತಡದಲ್ಲಿ ಆಗುವ ಹೆಚ್ಚುವರಿ ಇಳಿಕೆ, ಇದ್ದುದನ್ನೇ ಇಮ್ಮಡಿಗೊಳಿಸಿದಾಗ ಆಗುವುದರ ಸುಮಾರು ಐದು ಪಟ್ಟು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಟೆಲ್ಮಿಸಾರ್ಟನ್ ಜೊತೆಗಿದ್ದರೆ ಆ ಊತವೂ ಕಡಿಮೆ. ಎರಡನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಕೊಡುವುದುಂಟು. ನುಂಗಬೇಕಾದ ಮಾತ್ರೆ ಒಂದೇ ಆದಾಗ ತಪ್ಪದೆ ತೆಗೆದುಕೊಳ್ಳುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಮಾರ್ಗಸೂಚಿಯಲ್ಲಿ, ಸಾಧ್ಯವಾದಲ್ಲಿ ಇಂಥ ಒಂಟಿ ಮಾತ್ರೆಯೇ ಇರಲಿ ಎಂದಿದೆ.

ಆದರೆ ಎಲ್ಲ ಜೋಡಿಯೂ ಹೊಂದುವುದಿಲ್ಲ. ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್ ಎರಡೂ ಆಂಜಿಯೋಟೆನ್ಸಿನ್ ಇರುವ ದಾರಿಯನ್ನೇ ತಡೆಯುವಂಥವು. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಇವೆರಡನ್ನೂ ಒಟ್ಟಿಗೆ ಕೊಟ್ಟಾಗ ಹೃದಯಕ್ಕೆ ಹೆಚ್ಚಿನ ಲಾಭವಾಗಲಿಲ್ಲ, ಮೂತ್ರಪಿಂಡದ ತೊಂದರೆಗಳು ಮಾತ್ರ ಹೆಚ್ಚಿದವು. ಗರ್ಭಿಣಿಯರಿಗೆ ಈ ಎರಡರಲ್ಲಿ ಯಾವುದೂ ಸಲ್ಲದು. ತೀರ ವಯಸ್ಸಾದ, ನಿಶ್ಶಕ್ತರಾದವರಿಗೆ ವೈದ್ಯರು ಹಲವೊಮ್ಮೆ ಒಂದೇ ಔಷಧದಿಂದ ಆರಂಭಿಸುತ್ತಾರೆ. ಎದ್ದು ನಿಂತಾಗ ನಿಮಗೆ ತಲೆ ಸುತ್ತಿದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ; ಅವರು ಕುಳಿತಾಗಲೂ ನಿಂತಾಗಲೂ ಬಿಪಿ ನೋಡಿ ಪ್ರಮಾಣವನ್ನು ಹೊಂದಿಸುತ್ತಾರೆ.