ರೆಫರೆನ್ಸ್ ಪಟ್ಟಿಯ ಬಗ್ಗೆ ಮಗಳಿಗೊಂದು ಬಹಿರಂಗ ಪತ್ರ

ಸದಾಶಿವನಗರ,
ತುಮಕೂರು

ಪ್ರೀತಿಯ ಮಗಳೇ,

ರೆಫರೆನ್ಸ್‌ಗಳು ವ್ಯಾಂಕೂವರ್ ಪದ್ಧತಿಯಲ್ಲಿಲ್ಲ ಎಂದು ನಿನ್ನ ಮೊದಲ ಲೇಖನವನ್ನು ಜರ್ನಲ್‌ನವರು ವಾಪಸು ಕಳಿಸಿದ್ದಕ್ಕೆ ಬೇಸರ ಮಾಡಿಕೊಂಡಿದ್ದೀಯ. “ಇಷ್ಟು ಡ್ಯೂಟಿಯ ನಡುವೆ ಕಾಮಾ, ಸೆಮಿಕೋಲನ್ ನೋಡುತ್ತಾ ಕೂರಬೇಕೇ ದೊಡ್ಡಪ್ಪ?” ಎಂದು ಕೇಳಿದೆ. ಕೂರಬೇಕು. ಯಾಕೆಂದು ಹೇಳುತ್ತೇನೆ. ನಮ್ಮೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಲ್ಲೋ ಶ್ರೀದೇವಿಯಲ್ಲೋ ಪಿಜಿ ಮಾಡುತ್ತಿರುವ ಬೇರೆ ಮಕ್ಕಳೂ ಓದಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿದರು. ಆಗ ಒಂದೊಂದು ಜರ್ನಲ್‌ಗೆ ಒಂದೊಂದು ರೀತಿ. ಒಬ್ಬರು ಬೇಡವೆಂದ ಲೇಖನವನ್ನು ಇನ್ನೊಬ್ಬರಿಗೆ ಕಳಿಸಬೇಕಾದರೆ ಪಟ್ಟಿಯನ್ನು ಹೊಸದಾಗಿ ಟೈಪ್ ಮಾಡಬೇಕಾಗುತ್ತಿತ್ತು. ಆ ಸಂಪಾದಕರು ಮರುವರ್ಷ ಎಲ್ಲರಿಗೂ ಒಂದೇ ನಮೂನೆಯನ್ನು ಪ್ರಕಟಿಸಿದರು. ಅದರಲ್ಲಿನ ರೆಫರೆನ್ಸ್ ಮಾದರಿಗಳನ್ನು ರೂಪಿಸಿದ್ದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ನಿನ್ನನ್ನು ಈಗ ಕಾಡುತ್ತಿರುವ ನಿಯಮ ಹುಟ್ಟಿದ್ದು ನಿನ್ನಂಥ ಲೇಖಕರ ಶ್ರಮ ಉಳಿಸಲಿಕ್ಕೆ.

ರೆಫರೆನ್ಸ್ ಅಂದರೆ ವಿಳಾಸ. ಬರೀ ಸದಾಶಿವನಗರ ಎಂದು ಬರೆದರೆ ಕಾಗದ ಬೆಂಗಳೂರಿನ ಸದಾಶಿವನಗರಕ್ಕೆ ಹೋದೀತು.

ನಮ್ಮ ರಾಜ್ಯದ್ದೇ ಉದಾಹರಣೆ ತಗೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಳ್ಳಿಯವರು ಜ್ವರಕ್ಕೆ ಬಿದ್ದರು. ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಮನುಷ್ಯರಲ್ಲಿ ಅದರ ಲಕ್ಷಣಗಳೇನು ಎಂಬ ಪ್ರಾಥಮಿಕ ವರದಿಯನ್ನು ಬರೆದವರು ಆರು ಜನ: ವರ್ಕ್, ಟ್ರ್ಯಾಪಿಡೊ, ಮೂರ್ತಿ, ರಾವ್, ಭಟ್, ಕುಲಕರ್ಣಿ. ವ್ಯಾಂಕೂವರ್ ಮಾದರಿಯಲ್ಲಿ ಆರರವರೆಗೆ ಎಲ್ಲ ಹೆಸರೂ ಬರಬೇಕು, ಏಳನೆಯವರಿದ್ದರೆ ಅಲ್ಲಿಂದ ಮುಂದೆ ‘ಎಟ್ ಆಲ್’. ಹಾಗಾಗಿ ಕುಲಕರ್ಣಿಯವರನ್ನು ಬಿಡುವ ಹಾಗಿಲ್ಲ. ಮೊದಲು ಕೊನೆಹೆಸರು, ಆಮೇಲೆ ಚುಕ್ಕಿಯಿಲ್ಲದ ಇನಿಷಿಯಲ್; ನಂತರ ಲೇಖನದ ಶೀರ್ಷಿಕೆ, ಜರ್ನಲ್‌ನ ಹ್ರಸ್ವ ಹೆಸರು, ಕಡೆಗೆ 1957;11:619-45. ವರ್ಷ, ಸಂಪುಟ, ಪುಟ, ನಡುವೆ ಜಾಗ ಬಿಡದೆ. ಆ ಲೇಖನ ಬಂದದ್ದು ‘ಇಂಡಿಯನ್ ಜೆ ಮೆಡ್ ಸೈ’ನಲ್ಲಿ. ಅದೇ ಕಾಯಿಲೆಯ ಉಣ್ಣೆಗಳ ಮೇಲಿನ 1959ರ ಲೇಖನ ಬಂದದ್ದು ‘ಇಂಡಿಯನ್ ಜೆ ಮೆಡ್ ರೆಸ್’ನಲ್ಲಿ. ಕೊನೆಯ ಆ ಒಂದು ತುಣುಕು ತಪ್ಪಿದರೆ ಓದುಗ ಬೇರೆಯದೇ ಪತ್ರಿಕೆಯ ಸಂಪುಟ ತೆಗೆದು ಹುಡುಕುತ್ತಾನೆ. ಹ್ರಸ್ವರೂಪವನ್ನು ನೀನೇ ಹೊಸೆಯಬೇಡ, ಅಮೆರಿಕದ ಆ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ನೋಡಿಕೊಂಡು ಬರೆ.

ಇದೇ ವರದಿಯ ಮೂರ್ತಿಯವರಿಗೆ ಕೆಲವು ಪಟ್ಟಿಗಳಲ್ಲಿ ‘ಡಿಪಿಎನ್’ ಎಂಬ ಇನಿಷಿಯಲ್ ಇದೆ, ಕೆಲವುಗಳಲ್ಲಿ ಬರೀ ‘ಡಿಪಿ’. ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಸೂಚಿ ಎರಡಕ್ಕಿಂತ ಹೆಚ್ಚು ಇನಿಷಿಯಲ್ ಇಟ್ಟುಕೊಳ್ಳುವುದಿಲ್ಲ. ನಮ್ಮ ಕಡೆಯವರಿಗೆ ಈ ತೊಂದರೆ ಜಾಸ್ತಿ. ಒಂದು ಇನಿಷಿಯಲ್ ಊರಿನದು, ಇನ್ನೊಂದು ಅಪ್ಪನದು, ಮನೆತನದ ಹೆಸರು ಎಂಬುದೇ ಎಷ್ಟೋ ಜನರಿಗಿಲ್ಲ. ಸಲ್ಲಿಕೆಯ ಫಾರಂನಲ್ಲಿ ‘ಲಾಸ್ಟ್ ನೇಮ್’ ಕೇಳಿತೆಂದು ಇನಿಷಿಯಲ್ಲಿನ ಗುಬ್ಬಿಯನ್ನೋ ಕುಣಿಗಲ್ಲನ್ನೋ ಬಿಡಿಸಿ ಅಲ್ಲಿ ತುಂಬಿದರೆ, ಮುಂದೆ ನಿನ್ನ ಲೇಖನಗಳೆಲ್ಲ ಊರಿನ ಹೆಸರಿನಲ್ಲೇ ದಾಖಲಾಗುತ್ತವೆ. ಈಗಲೇ ಒಂದು ರೂಪ, ಒಂದು ಸ್ಪೆಲಿಂಗ್ ನಿಶ್ಚಯ ಮಾಡಿಕೊಂಡು ಜೀವನಪೂರ್ತಿ ಅದನ್ನೇ ಬಳಸು. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಸಂಖ್ಯೆಯನ್ನೂ ಮಾಡಿಸಿಕೋ, ದುಡ್ಡು ಕೊಡಬೇಕಾಗಿಲ್ಲ. ಬೇರೆಯವರ ಹೆಸರನ್ನಂತೂ ಅವರು ಅಚ್ಚು ಹಾಕಿಸಿದ ಹಾಗೆಯೇ ಬರೆ.

ಊರಿನ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರಂದು ತುಮಕೂರು, ಬೆಂಗಳೂರು, ಶಿವಮೊಗ್ಗಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯಿತು. 2010ರ ಥೀಸಿಸ್‌ನ ಮುಖಪುಟದಲ್ಲಿ ‘ಬ್ಯಾಂಗಲೋರ್’ ಎಂದಿದ್ದರೆ ನಿನ್ನ ಪಟ್ಟಿಯಲ್ಲೂ ಅದೇ ಇರಲಿ. ಪಬ್‌ಮೆಡ್‌ನಲ್ಲಿ ಜಿಲ್ಲೆಯ ಕೆಲಸ ಹುಡುಕುವಾಗ ಮಾತ್ರ ‘ತುಮ್ಕೂರ್’, ‘ತುಮಕೂರು’ ಎರಡನ್ನೂ ಹಾಕು. ಇಲ್ಲದಿದ್ದರೆ ಹಳೆಯ ಕೆಲಸವೆಲ್ಲ ಕಣ್ಣಿಗೇ ಬೀಳುವುದಿಲ್ಲ.

ಇಷ್ಟನ್ನು ಯಾವ ಗುಮಾಸ್ತನಾದರೂ ಕಲಿಯಬಹುದು. ನನಗೆ ನಿಜಕ್ಕೂ ಆತಂಕವಿರುವುದು ಬೇರೆ ವಿಷಯದ ಬಗ್ಗೆ: ವಿಳಾಸ ಸರಿಯಿದ್ದರೂ ಬರೆದವರು ಆ ಮನೆಗೆ ಹೋಗಿಯೇ ಇರುವುದಿಲ್ಲ.

1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಚಿಕ್ಕ ಪತ್ರ ಬಂತು. ಒಟ್ಟು ಐದು ವಾಕ್ಯ. ಆಸ್ಪತ್ರೆಯಲ್ಲಿ ಅಫೀಮು ಜಾತಿಯ ನೋವುನಿವಾರಕ ಪಡೆದ 11,882 ರೋಗಿಗಳಲ್ಲಿ, ಹಿಂದೆ ಚಟವಿಲ್ಲದೆ ಹೊಸದಾಗಿ ಚಟಕ್ಕೆ ಬಿದ್ದದ್ದು ನಾಲ್ವರಲ್ಲಿ ಮಾತ್ರ ದಾಖಲಾಗಿದೆ ಎಂದು ಅದು ಹೇಳಿತು. ಮನೆಗೆ ಒಯ್ದು ತಿಂಗಳುಗಟ್ಟಲೆ ನುಂಗುವ ಮಾತ್ರೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. 2017ರಲ್ಲಿ ಕೆನಡಾದ ಸಂಶೋಧಕರು ಅದೇ ಜರ್ನಲ್‌ನಲ್ಲಿ ಲೆಕ್ಕ ಕೊಟ್ಟರು: ಆ ಪತ್ರವನ್ನು 608 ಲೇಖನಗಳು ಉಲ್ಲೇಖಿಸಿದ್ದವು. ಸುಮಾರು ಶೇ. 72ರಷ್ಟು ಲೇಖನಗಳು ಅದನ್ನು ಚಟ ಅಪರೂಪ ಎಂಬುದಕ್ಕೆ ಆಧಾರ ಮಾಡಿಕೊಂಡಿದ್ದವು. ಅವರೆಲ್ಲ ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬ ಮಾತನ್ನು ಶೇ. 80ಕ್ಕೂ ಹೆಚ್ಚು ಲೇಖನಗಳು ಹೇಳಿರಲೇ ಇಲ್ಲ. ಅಮೆರಿಕದಲ್ಲಿ ಈ ಮಾತ್ರೆಗಳಿಂದ ಲಕ್ಷಾಂತರ ಕುಟುಂಬಗಳು ನರಳಿದವು. ವೈದ್ಯರು ಧೈರ್ಯವಾಗಿ ಚೀಟಿ ಬರೆದದ್ದರ ಹಿಂದೆ ಈ ಉಲ್ಲೇಖಗಳ ಪಾಲೂ ಇತ್ತು ಎಂದು ಆ ಸಂಶೋಧಕರು ತೀರ್ಮಾನಿಸಿದರು. ಐದು ವಾಕ್ಯ ಓದಲು ಎಷ್ಟು ಹೊತ್ತು ಬೇಕು ಮಗಳೇ?

ಸೀನಿಯರ್‌ಗಳ ಥೀಸಿಸ್‌ನಿಂದ ಪಟ್ಟಿ ಎತ್ತಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆಯೆಂದು ನಿನಗೇ ಗೊತ್ತು. ಅವರ ತಪ್ಪು ಪುಟಸಂಖ್ಯೆಯೂ ಜೊತೆಗೇ ಬರುತ್ತದೆ, ಓದಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಈಗ ಅದಕ್ಕಿಂತ ಸುಲಭದ ದಾರಿ ಬಂದಿದೆ. 2023ರಲ್ಲಿ ಕ್ಯೂರಿಯಸ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದರಲ್ಲಿ, ಚಾಟ್‌ಜಿಪಿಟಿ ವೈದ್ಯಕೀಯ ಬರಹಗಳಿಗೆ ಕೊಟ್ಟ 115 ರೆಫರೆನ್ಸ್‌ಗಳಲ್ಲಿ ಶೇ. 47 ಪೂರ್ತಿ ಸೃಷ್ಟಿ. ಎಲ್ಲ ವಿವರವೂ ಸರಿಯಾಗಿದ್ದದ್ದು ಬರೀ ಶೇ. 7. ಯಂತ್ರಗಳು ಸುಧಾರಿಸಿರಬಹುದು, ಆದರೂ ನೀನು ತೆರೆದು ನೋಡದ ಲೇಖನ ನಿನ್ನ ಪಟ್ಟಿಯಲ್ಲಿರಕೂಡದು.

ಜೋಡಿಸುವ ಕೆಲಸಕ್ಕೆ ಝೊಟೆರೊ ಎಂಬ ತಂತ್ರಾಂಶ ಇದೆ, ಉಚಿತ. ಸಂಖ್ಯೆಗಳನ್ನು ಪಠ್ಯದಲ್ಲಿ ಬಂದ ಕ್ರಮದಲ್ಲಿ ಅದೇ ಹಾಕುತ್ತದೆ, ನಡುವೆ ಒಂದು ಸೇರಿಸಿದರೆ ಮುಂದಿನವನ್ನೆಲ್ಲ ತಾನೇ ಬದಲಿಸುತ್ತದೆ. ಆದರೆ ತಪ್ಪು ಮಾಹಿತಿ ಹಾಕಿದರೆ ತಪ್ಪನ್ನೇ ಅಂದವಾಗಿ ಅಚ್ಚು ಮಾಡಿಕೊಡುತ್ತದೆ. ಇನ್ನು, ಹೆಸರು ಮೂರಕ್ಕೆ ನಿಲ್ಲಬೇಕೋ ಆರಕ್ಕೋ, ಸಂಖ್ಯೆ ಪೂರ್ಣವಿರಾಮದ ಹಿಂದೋ ಮುಂದೋ ಎಂಬುದನ್ನು ಆಯಾ ಜರ್ನಲ್‌ನ ಸೂಚನೆ ನೋಡಿಯೇ ತೀರ್ಮಾನಿಸಬೇಕು.

ಈ ಭಾನುವಾರ ಡ್ಯೂಟಿ ಇಲ್ಲ ಅಂದಿದ್ದೀಯ. ಪ್ರತಿಯೊಂದು ಲೇಖನವನ್ನೂ ಪಬ್‌ಮೆಡ್‌ನಲ್ಲಿ ತೆರೆ. ಹಿಂಪಡೆಯಲಾಗಿದೆ ಎಂಬ ಸೂಚನೆ ಇದೆಯೇ ನೋಡು, ನೀನು ಹೇಳಿದ ಮಾತು ಅಲ್ಲಿ ನಿಜವಾಗಿ ಇದೆಯೇ ಎಂದು ಓದು. ಇಲ್ಲದ್ದನ್ನು ತೆಗೆದುಹಾಕು. ಪಟ್ಟಿ 40ರಿಂದ 25ಕ್ಕೆ ಇಳಿದರೂ ಚಿಂತೆಯಿಲ್ಲ, ಹಾಗೇ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ